ಟಿಎ ಕೆಲಸದ ನಡುವೆ ಬಿಲ್ಲುಗಾರಿಕೆ: ಒಂದು ಸೆಮಿಸ್ಟರಿನ ಲೆಕ್ಕ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌ಡಿ ಮಾಡುತ್ತ, ಟಿಎ (ಟೀಚಿಂಗ್ ಅಸಿಸ್ಟೆಂಟ್) ಆಗಿ ಪಾಠ ಹೇಳುವ ನಮ್ಮವರಲ್ಲಿ ಕೆಲವರಿಗೆ ಕ್ಯಾಂಪಸ್ಸಿನ ಬಿಲ್ಲುಗಾರಿಕೆ ಕ್ಲಬ್ಬು ಕಣ್ಣಿಗೆ ಬೀಳುವುದು ಮೊದಲ ಸೆಪ್ಟೆಂಬರಿನಲ್ಲಿ. ಗುರಿ ನೋಡುವ ಸೈಟು, ರಾಟೆ, ಬಿಲ್ಲು ಅಲುಗದಂತೆ ತಡೆಯುವ ಸ್ಟೆಬಿಲೈಸರ್ ಯಾವುದೂ ಇಲ್ಲದ ಸಾಂಪ್ರದಾಯಿಕ ಬಿಲ್ಲು; ಗರಿ ಕಟ್ಟಿದ ಬಾಣ. ಹಿಡಿದ ದಿನವೇ ಮನಸ್ಸು ಸೋಲುತ್ತದೆ. ಅಕ್ಟೋಬರ್ ಮಧ್ಯಕ್ಕೆ ಮಿಡ್‌ಟರ್ಮ್ ಉತ್ತರಪತ್ರಿಕೆಗಳ ರಾಶಿ ಬಂದಾಗ ಅದೇ ಬಿಲ್ಲು ಮೂಲೆ ಸೇರುತ್ತದೆ. ಕೇಳಿದರೆ "ಟೈಮೇ ಇಲ್ಲ" ಎನ್ನುತ್ತಾರೆ. ಬಹಳಷ್ಟು ಸಲ ನಿಜವಾದ ಕಾರಣ ಬೇರೆ. ತಮ್ಮ ಶಕ್ತಿಗೆ ಮೀರಿದ ಬಿಲ್ಲು ಕೊಂಡು, ವಾರವಿಡೀ ಮುಟ್ಟದೆ, ಶನಿವಾರ ಒಂದೇ ಏಟಿಗೆ ನೂರೈವತ್ತು ಬಾಣ ಬಿಟ್ಟು, ಸೋಮವಾರ ಬೋರ್ಡಿನ ಮೇಲೆ ಕೈ ಎತ್ತಲಾಗದ ಸ್ಥಿತಿ ತಂದುಕೊಂಡಿರುತ್ತಾರೆ.

ಹಗುರ ಬಿಲ್ಲು, ಹತ್ತಿರದ ಗುರಿ, ವಾರಕ್ಕೆ ನಾಲ್ಕು ದಿನ, ದಿನಕ್ಕೆ ನಲವತ್ತು ನಿಮಿಷ. ಟಿಎ ಕೆಲಸ ಮಾಡುವವರ ವಾರದಲ್ಲಿ ಇಷ್ಟಕ್ಕೆ ಜಾಗ ಖಂಡಿತ ಇದೆ. ಅದನ್ನು ಹೊಂದಿಸಿಕೊಳ್ಳುವ ಕ್ರಮ ಇಲ್ಲಿದೆ.

ಮೊದಲು ಸಿಲಬಸ್, ಆಮೇಲೆ ಬಿಲ್ಲು

ಅರ್ಧ ಟಿಎಶಿಪ್ ಎಂದರೆ ವಾರಕ್ಕೆ 20 ಗಂಟೆ. ಎಫ್-1 ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ ಕೆಲಸದ ಮಿತಿಯೂ ಅಷ್ಟೇ. ಆದರೆ ಈ 20 ಗಂಟೆ ಸಮನಾಗಿ ಹರಡಿಕೊಂಡಿರುವುದಿಲ್ಲ. ಸೆಪ್ಟೆಂಬರಿನಲ್ಲಿ ಹನ್ನೆರಡು ಗಂಟೆಗೆ ಮುಗಿಯುವ ಕೆಲಸ, ಪರೀಕ್ಷೆಯ ವಾರದಲ್ಲಿ ಮಿತಿಯನ್ನೇ ಮುಟ್ಟಿ ದಾಟಲು ನೋಡುತ್ತದೆ. ಆದ್ದರಿಂದ ಮೊದಲ ವಾರ ಸಿಲಬಸ್ ಕೈಗೆ ಬಂದ ದಿನವೇ ಕ್ಯಾಲೆಂಡರ್ ತೆರೆದು ನಾಲ್ಕು ಬಗೆಯ ದಿನಾಂಕ ಗುರುತು ಹಾಕಿ: ಪರೀಕ್ಷೆಗಳು, ಹೋಮ್‌ವರ್ಕ್ ಸಲ್ಲಿಸುವ ದಿನಗಳು, ನೀವು ಪರೀಕ್ಷಾ ಕೊಠಡಿಯಲ್ಲಿ ಕಾವಲಿರಬೇಕಾದ ದಿನಗಳು, ನಿಮ್ಮದೇ ಕ್ವಾಲಿಫೈಯಿಂಗ್ ಪರೀಕ್ಷೆ ಅಥವಾ ಪೇಪರಿನ ಗಡುವು.

ಗ್ರೇಡಿಂಗಿನ ಗಂಟೆಯನ್ನು ಅಂದಾಜಿಗೆ ಬಿಡಬೇಡಿ, ಗುಣಿಸಿ ನೋಡಿ. 60 ವಿದ್ಯಾರ್ಥಿಗಳು, 6 ಪ್ರಶ್ನೆ, ಪ್ರಶ್ನೆಗೆ 2 ನಿಮಿಷ ಎಂದರೆ 720 ನಿಮಿಷ, ಅಂದರೆ 12 ಗಂಟೆ. ಒಬ್ಬೊಬ್ಬರ ಪತ್ರಿಕೆಯನ್ನು ಆದಿಯಿಂದ ಅಂತ್ಯದವರೆಗೆ ತಿದ್ದುತ್ತ ಹೋದರೆ ಪ್ರತಿ ಪ್ರಶ್ನೆಗೂ ತಲೆ ಬದಲಾಯಿಸಬೇಕು, ಅಂಕವೂ ಏರುಪೇರಾಗುತ್ತದೆ. ಒಂದೇ ಪ್ರಶ್ನೆಯನ್ನು ಅರವತ್ತೂ ಪತ್ರಿಕೆಗಳಲ್ಲಿ ಮುಗಿಸಿ ಎದ್ದೇಳಿ. ಮೊದಲ ಹತ್ತು ಪತ್ರಿಕೆ ಓದಿದ ಮೇಲೆ ರೂಬ್ರಿಕ್ (ಯಾವುದಕ್ಕೆ ಎಷ್ಟು ಅಂಕ ಎಂಬ ಪಟ್ಟಿ) ಬರೆಯಿರಿ, ಅದಕ್ಕೂ ಮೊದಲು ಬೇಡ. ವಿದ್ಯಾರ್ಥಿಗಳು ಯಾವ ತಪ್ಪು ಮಾಡುತ್ತಾರೆಂದು ನೋಡದೆ ಬರೆದ ರೂಬ್ರಿಕ್ಕನ್ನು ಮಧ್ಯದಲ್ಲಿ ಬದಲಾಯಿಸಿ ಮತ್ತೆ ಮೊದಲಿಂದ ತಿದ್ದಬೇಕಾಗುತ್ತದೆ. ಹೀಗೆ ಎರಡು ಗಂಟೆಗೊಂದು ಪ್ರಶ್ನೆ ಎಂದು ಕತ್ತರಿಸಿದರೆ, ಎರಡು ಪ್ರಶ್ನೆಗಳ ನಡುವೆ ಮೈದಾನಕ್ಕೆ ಹೋಗಿ ಬರುವ ಬಿಡುವು ತಾನಾಗಿ ಸಿಗುತ್ತದೆ. ಲೆಕ್ಕ ಹಾಕಿದಾಗ ಯಾವುದಾದರೂ ವಾರ 20 ಗಂಟೆ ಮೀರುವಂತೆ ಕಂಡರೆ ಕೋರ್ಸಿನ ಪ್ರೊಫೆಸರಿಗೆ ಆಗಲೇ ಹೇಳಿ. ಪರೀಕ್ಷೆಯ ಹಿಂದಿನ ರಾತ್ರಿ ಹೇಳಿದರೆ ಯಾರಿಗೂ ಉಪಯೋಗವಿಲ್ಲ.

ಪರೀಕ್ಷೆಯ ವಾರ ಮತ್ತು ಅದರ ಮುಂದಿನ ವಾರವನ್ನು "ಹಗುರ ವಾರ" ಎಂದು ಬರೆದಿಡಿ. ಆ ವಾರಗಳಲ್ಲಿ ಬಿಲ್ಲನ್ನು ಪೂರ್ತಿ ಕೈಬಿಡುವುದು ಬೇಡ, ಹೊಸದೇನನ್ನೂ ಶುರು ಮಾಡುವುದೂ ಬೇಡ. ಹೊಸ ಹೆದೆ ಹಾಕುವುದು, ದೂರ ಹೆಚ್ಚಿಸುವುದು, ಹಿಡಿತ ತಿದ್ದುವುದು ಎಲ್ಲ ಆಮೇಲೆ. ಎರಡು ಸಲ, ಹದಿನೈದು ನಿಮಿಷ, ಐದು ಗಜ ದೂರದಲ್ಲಿ. ಅಷ್ಟು ಸಾಕು, ಕೈ ಮರೆಯುವುದಿಲ್ಲ.

ಆಫೀಸ್ ಅವರ್ಸ್, ಅಂದರೆ ವಿದ್ಯಾರ್ಥಿಗಳು ಡೌಟು ಕೇಳಲು ಬರುವ ಹೊತ್ತು, ಯಾವಾಗ ಎಂದು ಆರಿಸುವ ಸ್ವಾತಂತ್ರ್ಯ ಸಾಮಾನ್ಯವಾಗಿ ಟಿಎಗೇ ಇರುತ್ತದೆ. ಕ್ಲಬ್ಬಿನ ರೇಂಜು (ಬಾಣ ಬಿಡುವ ಜಾಗ) ಸಂಜೆ 5ಕ್ಕೆ ತೆರೆಯುವುದಾದರೆ ಆಫೀಸ್ ಅವರ್ಸನ್ನು 3ರಿಂದ 4ಕ್ಕೆ ಇಡಿ. 4ರಿಂದ 5 ಎಂದಿಟ್ಟರೆ ಕೊನೆಯ ವಿದ್ಯಾರ್ಥಿ 4:55ಕ್ಕೆ ಬಂದು "ಒಂದೇ ಡೌಟು" ಎನ್ನುತ್ತಾನೆ. ಹೋಮ್‌ವರ್ಕ್ ಸಲ್ಲಿಸುವ ಹಿಂದಿನ ದಿನವಂತೂ ಬಾಗಿಲ ಹೊರಗೆ ಸಾಲು ನಿಂತಿರುತ್ತದೆ. ಆ ದಿನ ಬಿಲ್ಲಿನ ಆಸೆಯನ್ನೇ ಇಟ್ಟುಕೊಳ್ಳಬೇಡಿ.

ಬಿಲ್ಲು ಎಲ್ಲಿಡುವುದು ಎಂಬ ಪ್ರಶ್ನೆ

ಕೊಳ್ಳುವ ಮೊದಲೇ ಇದನ್ನು ಬಗೆಹರಿಸಿಕೊಳ್ಳಿ. ಬಹುಪಾಲು ವಿಶ್ವವಿದ್ಯಾಲಯಗಳ ಆಯುಧ ನಿಯಮದಲ್ಲಿ ಬಿಲ್ಲು ಬಾಣವೂ ಸೇರಿರುತ್ತದೆ. ಹಾಸ್ಟೆಲಿನಲ್ಲಿ ಇಡುವಂತಿಲ್ಲ, ಟಿಎ ಕೊಠಡಿಯಲ್ಲಂತೂ ಇಲ್ಲವೇ ಇಲ್ಲ. ಕ್ಲಬ್ಬಿನ ಬೀರು, ಕ್ರೀಡಾ ಕೇಂದ್ರದ ಲಾಕರು, ಕೆಲವು ಕಡೆ ಕ್ಯಾಂಪಸ್ ಪೊಲೀಸರ ಬಳಿಯೇ ಇಡುವ ವ್ಯವಸ್ಥೆ ಇರುತ್ತದೆ. ಕ್ಲಬ್ಬಿನವರು ಬಾಯಲ್ಲಿ "ಏನಾಗಲ್ಲ" ಅಂದರೆ ಸಾಲದು. ಇಮೇಲ್ ಬರೆದು ಉತ್ತರ ಪಡೆದು ಇಟ್ಟುಕೊಳ್ಳಿ. ವೀಸಾದ ಮೇಲೆ ಬಂದವರು ಈ ಒಂದು ವಿಷಯದಲ್ಲಿ ಉದಾಸೀನ ಮಾಡಬಾರದು.

ಸಾಗಿಸುವಾಗ ಹೆದೆ ಇಳಿಸಿ, ಬಿಲ್ಲನ್ನು ಮೂರು ತುಂಡಾಗಿ ಬಿಚ್ಚಿ ಚೀಲದಲ್ಲಿಡಿ. ಬಾಣಗಳು ಮುಚ್ಚಿದ ಕೊಳವೆಯಲ್ಲಿರಲಿ. ಬತ್ತಳಿಕೆ ನೇತು ಹಾಕಿಕೊಂಡು ಲೈಬ್ರರಿಯ ಮುಂದೆ ನಡೆದು ಹೋದರೆ ಯಾರಾದರೂ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡುತ್ತಾರೆ, ಇಡೀ ಕ್ಯಾಂಪಸ್ಸಿಗೆ ಎಚ್ಚರಿಕೆಯ ಸಂದೇಶ ಹೋಗುತ್ತದೆ. ಬಾಡಿಗೆ ಮನೆಯ ಹಿತ್ತಿಲಲ್ಲಿ ಬಿಡೋಣ ಎನ್ನುವವರು ನಗರದ ನಿಯಮ ನೋಡಬೇಕು. ಹಲವು ನಗರಗಳಲ್ಲಿ ಅದು ನಿಷಿದ್ಧ, ಇನ್ನು ಕೆಲವೆಡೆ ಗುರಿಯ ಹಿಂದೆ ತಡೆ ಇದ್ದರೆ ಮಾತ್ರ ಅನುಮತಿ.

ಕ್ಯಾಂಪಸ್ಸಿಗೂ ಬಿಲ್ಲಿಗೂ ಇಷ್ಟು ದೂರ ಯಾವಾಗಲೂ ಇರಲಿಲ್ಲ. ಅಮೆರಿಕದ ಈಗಿನ ಸಾಂಪ್ರದಾಯಿಕ ಬಿಲ್ಲುಗಾರಿಕೆಗೆ ಒಂದು ಮುಖ್ಯ ಬೇರು ಇರುವುದೇ ವಿಶ್ವವಿದ್ಯಾಲಯದ ಆವರಣದಲ್ಲಿ. ಅಮೆರಿಕದ ಮೂಲನಿವಾಸಿಗಳಾದ ಯಾಹಿ ಬುಡಕಟ್ಟಿನ ಕೊನೆಯವನಾದ ಇಶಿ 1911ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಮ್ಯೂಸಿಯಮ್ಮಿಗೆ ಬಂದು, 1916ರಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಇದ್ದ. ಪಕ್ಕದ ವೈದ್ಯಕೀಯ ಶಾಲೆಯಲ್ಲಿ ಶಸ್ತ್ರಚಿಕಿತ್ಸೆ ಕಲಿಸುತ್ತಿದ್ದ ಸ್ಯಾಕ್ಸ್‌ಟನ್ ಪೋಪ್ ಬಿಲ್ಲು ಮಾಡುವುದನ್ನೂ ಬಾಣ ಬಿಡುವುದನ್ನೂ ಕಲಿತದ್ದು ಅವನಿಂದ. ಪಾಠ ಹೇಳಿಕೊಂಡೇ ಬಿಲ್ಲು ಹಿಡಿದವರಲ್ಲಿ ನೀವು ಮೊದಲಿಗರೇನಲ್ಲ.

ಎಷ್ಟು ಪೌಂಡಿನ ಬಿಲ್ಲು

ಬಿಲ್ಲಿನ ಮೇಲೆ "25# @ 28" ಎಂದು ಬರೆದಿದ್ದರೆ 28 ಇಂಚು ಎಳೆದಾಗ 25 ಪೌಂಡ್ ಭಾರ ಎಂದರ್ಥ. ನಿಮ್ಮ ಎಳೆತ ಎಷ್ಟೆಂದು ಅಂದಾಜಿಸಲು ಎರಡೂ ಕೈ ಚಾಚಿ ಬೆರಳ ತುದಿಯಿಂದ ಬೆರಳ ತುದಿಗೆ ಇಂಚಿನಲ್ಲಿ ಅಳೆದು 2.5ರಿಂದ ಭಾಗಿಸಿ. 65 ಇಂಚು ಬಂದರೆ ಎಳೆತ 26 ಇಂಚು. 28ಕ್ಕಿಂತ ಇಂಚು ಕಡಿಮೆಯಾದ ಹಾಗೆ ಸುಮಾರು 2 ಪೌಂಡ್ ಇಳಿಯುವುದರಿಂದ ಆ 25ರ ಬಿಲ್ಲು ನಿಮ್ಮ ಕೈಯಲ್ಲಿ 21ರದ್ದು.

ಹೊಸಬರಿಗೆ 20ರಿಂದ 25 ಪೌಂಡ್. ಜಿಮ್ಮಿಗೆ ಹೋಗುವ ಗಂಡಸರಿಗೂ ಇದೇ ಮಾತು. 40 ಪೌಂಡನ್ನು ಒಮ್ಮೆ ಎಳೆಯುವುದು ಬೇರೆ, ನಲವತ್ತೆಂಟು ಸಲ ಒಂದೇ ಹದದಲ್ಲಿ ಎಳೆದು ಹಿಡಿಯುವುದು ಬೇರೆ. ಪರೀಕ್ಷೆ ಸುಲಭ: ಪೂರ್ತಿ ಎಳೆದು 8 ಸೆಕೆಂಡ್ ಹಿಡಿದು, ಹೆದೆಯನ್ನು ಬಿಡದೆ ನಿಧಾನವಾಗಿ ವಾಪಸು ತನ್ನಿ. ಅರ್ಧ ನಿಮಿಷ ಬಿಟ್ಟು ಮತ್ತೆ. ಆರನೆಯ ಸಲವೂ ಭುಜ ಕಿವಿಯ ಕಡೆ ಏರದಿದ್ದರೆ, ಕೈ ನಡುಗದಿದ್ದರೆ ಆ ಬಿಲ್ಲು ನಿಮ್ಮದು.

ಮೊದಲ ಬಿಲ್ಲಾಗಿ ಮೂರು ತುಂಡಿನ, ಬಿಚ್ಚಿ ಜೋಡಿಸಬಹುದಾದ ಟೇಕ್‌ಡೌನ್ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಕೊಳ್ಳಿ. ಮರದ ರೈಸರ್ (ಹಿಡಿಯಿರುವ ನಡುಭಾಗ), ಗಾಜಿನ ನಾರು ಹೊದಿಸಿದ ಲಿಂಬುಗಳು (ಬಾಗುವ ಎರಡು ತೋಳುಗಳು), 62ರಿಂದ 66 ಇಂಚು ಉದ್ದ. 28 ಇಂಚಿಗಿಂತ ಹೆಚ್ಚು ಎಳೆಯುವವರಿಗೆ ಉದ್ದದ್ದೇ ಒಳ್ಳೆಯದು, ಗಿಡ್ಡ ಬಿಲ್ಲಿನಲ್ಲಿ ಹೆದೆ ಬೆರಳುಗಳನ್ನು ಹಿಸುಕುತ್ತದೆ. ಟೇಕ್‌ಡೌನಿನ ಲಾಭ ಏನೆಂದರೆ ಮುಂದಿನ ವರ್ಷ 30 ಪೌಂಡಿಗೆ ಹೋಗಬೇಕಾದಾಗ ಲಿಂಬು ಮಾತ್ರ ಕೊಂಡರೆ ಆಯಿತು. ಇಡೀ ಮರದಿಂದ ಕೆತ್ತಿದ ಬಿಲ್ಲಿನ ಚೆಲುವೇ ಬೇರೆ, ಒಪ್ಪೋಣ. ಆದರೆ ಅದನ್ನು ಹೆದೆಯೇರಿಸಿ ಇಟ್ಟು ಮರೆಯುವಂತಿಲ್ಲ, ಪೂರ್ತಿ ಎಳೆದು ಎರಡು ಮೂರು ಸೆಕೆಂಡಿಗಿಂತ ಹಿಡಿಯುವಂತಿಲ್ಲ, ಹೀಟರ್ ಹಾಕಿದ ಮನೆಯ ಒಣ ಗಾಳಿಯಲ್ಲಿ ಮರ ಬಿರುಸಾಗಿ ಮುರಿಯುವ ಭಯ ಬೇರೆ. ಥೀಸಿಸ್ ಬರೆಯುವವರಿಗೆ ಆ ಚಾಕರಿ ಈಗ ಬೇಡ.

ಹೆದೆ ಡೇಕ್ರಾನ್ ನೂಲಿನದ್ದಿರಲಿ. ಬಿಗಿ ನೂಲಿನ ಫಾಸ್ಟ್‌ಫ್ಲೈಟ್ ಹೆದೆಯನ್ನು ಲಿಂಬಿನ ತುದಿ ಬಲಪಡಿಸಿರದ ಬಿಲ್ಲಿಗೆ ಹಾಕಿದರೆ ತುದಿ ಸೀಳುತ್ತದೆ. ಹೆದೆಯೇರಿಸಲು ಹಗ್ಗದ ಸ್ಟ್ರಿಂಗರನ್ನೇ ಬಳಸಿ; ಕಾಲ ಸಂದಿಯಲ್ಲಿ ಸಿಕ್ಕಿಸಿ ಬಗ್ಗಿಸುವ ಹಳೆಯ ವಿಧಾನದಲ್ಲಿ ಲಿಂಬು ತಿರುಚಿಕೊಳ್ಳುತ್ತದೆ. ಏರಿಸಿದ ಮೇಲೆ ಹಿಡಿಯ ಅತ್ಯಂತ ಆಳದ ಜಾಗದಿಂದ ಹೆದೆಗೆ ಎಷ್ಟು ಅಂತರ ಎಂದು ಅಳೆಯಿರಿ; ಇದೇ ಬ್ರೇಸ್ ಅಂತರ. 62 ಇಂಚಿನ ರಿಕರ್ವಿಗೆ ಇದು ಏಳೂವರೆಯಿಂದ ಎಂಟೂಕಾಲು ಇಂಚು ಇರಬೇಕು. ಕಡಿಮೆ ಇದ್ದರೆ ಹೆದೆ ಮುಂಗೈಗೆ ಬಡಿಯುತ್ತದೆ, ಬಿಲ್ಲು ಗದ್ದಲ ಮಾಡುತ್ತದೆ. ಒಂದು ಕುಣಿಕೆ ಬಿಚ್ಚಿ, ಹುರಿ ಇರುವ ದಿಕ್ಕಿನಲ್ಲೇ ನಾಲ್ಕೈದು ಸುತ್ತು ಹೆಚ್ಚಿಸಿದರೆ ಹೆದೆ ಗಿಡ್ಡವಾಗಿ ಅಂತರ ಏರುತ್ತದೆ. ಹೊಸ ಡೇಕ್ರಾನ್ ಮೊದಲ ನೂರು ಬಾಣಗಳವರೆಗೆ ಹಿಗ್ಗುತ್ತಲೇ ಇರುವುದರಿಂದ ಪ್ರತಿ ದಿನ ಅಳೆಯಬೇಕು.

ಬಾಣದಲ್ಲೇ ಎಲ್ಲ ಇದೆ

ಬಿಲ್ಲಿಗೆ 150 ಡಾಲರ್ ಕೊಟ್ಟು ಬಾಣಕ್ಕೆ ಸಿಕ್ಕಿದ್ದನ್ನು ತರುವವರೇ ಜಾಸ್ತಿ. ಹದವಾದ ಬಾಣ ಇಲ್ಲದಿದ್ದರೆ ನಿಮ್ಮ ತಪ್ಪು ಯಾವುದು, ಬಾಣದ ತಪ್ಪು ಯಾವುದು ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಕಡಿಮೆ ಸಮಯ ಇರುವವರಿಗೆ ಇದರಷ್ಟು ದುಬಾರಿ ತಪ್ಪು ಇನ್ನೊಂದಿಲ್ಲ.

ಹೆದೆ ಬಿಟ್ಟಾಗ ಬಾಣ ನೆಟ್ಟಗೆ ಹೋಗುವುದಿಲ್ಲ. ಬಾಗಿ, ಬಿಲ್ಲಿನ ಹಿಡಿಯನ್ನು ಬಳಸಿಕೊಂಡು, ಆಮೇಲೆ ನೆಟ್ಟಗಾಗುತ್ತದೆ. ಎಷ್ಟು ಬಾಗಬೇಕೋ ಅಷ್ಟೇ ಬಾಗಬೇಕು. ಈ ಗಡಸುತನಕ್ಕೆ ಸ್ಪೈನ್ ಎನ್ನುತ್ತಾರೆ. ಕಾರ್ಬನ್ ಬಾಣಕ್ಕೆ 500, 600, 800 ಎಂದು ಅಂಕಿ ಇರುತ್ತದೆ. ಅಂಕಿ ದೊಡ್ಡದಾದಷ್ಟೂ ಬಾಣ ಮೆತ್ತಗೆ. 25ರಿಂದ 30 ಪೌಂಡಿನ ಬಿಲ್ಲಿಗೆ 700ರಿಂದ 900ರ ಆಸುಪಾಸು ಹುಡುಕಿ. ಅಂಗಡಿಯಲ್ಲಿ ಸದಾ ಸಿಗುವ 500 ಬೇಟೆಗಾರರ ಭಾರದ ಬಿಲ್ಲಿಗೆ ಹೊಂದುವಂಥದ್ದು, ನಿಮಗೆ ಕಟ್ಟಿಗೆಯಂತೆ ಗಡಸು. ಮರದ ಬಾಣದಲ್ಲಿ ಗಡಸುತನವನ್ನು ಪೌಂಡಿನಲ್ಲೇ ಗುರುತಿಸಿರುತ್ತಾರೆ. ಹಗುರ ಬಿಲ್ಲಿಗೆ 5/16 ಇಂಚು ದಪ್ಪದ ಪೋರ್ಟ್ ಆರ್ಫರ್ಡ್ ಸೀಡರ್ ಸರಿ ಹೋಗುತ್ತದೆ. ಉದ್ದ ನಿಮ್ಮ ಎಳೆತಕ್ಕಿಂತ ಒಂದೆರಡು ಇಂಚು ಹೆಚ್ಚಿರಲಿ. ಎಳೆದಾಗ ಬಾಣದ ತುದಿ ಬಿಲ್ಲಿನ ಹಿಂದಕ್ಕೆ ಬಂದರೆ ಅದು ನಿಮ್ಮ ಕೈಗೇ ಹೊಕ್ಕುತ್ತದೆ.

ತೂಕವನ್ನೂ ನೋಡಬೇಕು. ಬಿಲ್ಲಿನ ಪೌಂಡಿಗೆ 9ರಿಂದ 10 ಗ್ರೇನ್ ಎಂಬ ಲೆಕ್ಕದಲ್ಲಿ 30 ಪೌಂಡಿಗೆ 270ರಿಂದ 300 ಗ್ರೇನ್, ಅಂದರೆ 17.5ರಿಂದ 19.5 ಗ್ರಾಂ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ತೀರಾ ಹಗುರದ ಬಾಣ ಬಿಟ್ಟರೆ ಶಕ್ತಿಯೆಲ್ಲ ಲಿಂಬಿಗೇ ವಾಪಸು ಬರುತ್ತದೆ. ಬಾಣವಿಲ್ಲದೆ ಬರಿ ಹೆದೆ ಬಿಡುವುದನ್ನು ಎಂದೂ ಮಾಡಬಾರದು ಎನ್ನುವುದೂ ಇದಕ್ಕೇ.

ಹದ ಪರೀಕ್ಷಿಸಲು ಗರಿಯಿಲ್ಲದ ಒಂದು ಬಾಣ ಇಟ್ಟುಕೊಳ್ಳಿ. ಹತ್ತು ಗಜದಿಂದ ಗರಿಯ ಮೂರು ಬಾಣ, ಗರಿಯಿಲ್ಲದ ಒಂದು ಬಾಣ ಬಿಡಿ. ಬಲಗೈಯಿಂದ ಎಳೆಯುವವರಿಗೆ ಗರಿಯಿಲ್ಲದ್ದು ಎಡಕ್ಕೆ ಹೋಗಿ ಕೂತರೆ ಬಾಣ ಗಡಸು: ಮುಂದಿನ ತುದಿಗೆ ಭಾರ ಹೆಚ್ಚಿಸಿ. ಬಲಕ್ಕೆ ಹೋದರೆ ಮೆತ್ತಗೆ: ತುದಿಯ ಭಾರ ಇಳಿಸಿ, ಇಲ್ಲವೇ ಬಾಣವನ್ನು ಕಾಲು ಇಂಚಿನಂತೆ ಕತ್ತರಿಸುತ್ತ ಬನ್ನಿ. ಮೇಲೆ ಕೂತರೆ, ಬಾಣ ಎಲ್ಲಿ ಸಿಕ್ಕಿಸಬೇಕೆಂದು ತೋರಿಸುವ ಹೆದೆಯ ಮೇಲಿನ ಹಿತ್ತಾಳೆಯ ಗುರುತು ಕೆಳಗಿದೆ ಎಂದು. ಸಾಮಾನ್ಯವಾಗಿ ಅದು, ಬಿಲ್ಲಿನ ಮೇಲೆ ಬಾಣ ಕೂರುವ ಜಾಗದಿಂದ ಹೆದೆಗೆ ಎಳೆದ ಲಂಬಕ್ಕಿಂತ ಅರ್ಧ ಇಂಚು ಮೇಲಿರಬೇಕು. ಒಂದು ಸಲದ ಫಲಿತಾಂಶ ನಂಬಬೇಡಿ, ಬೇರೆ ಬೇರೆ ದಿನ ನೋಡಿ.

ಗರಿ ಹಕ್ಕಿಯದ್ದೇ ಆಗಬೇಕು, 4 ಅಥವಾ 5 ಇಂಚಿನ ಮೂರು. ಬಾಣ ಬಿಲ್ಲಿನ ಮೇಲೆಯೇ ಕೂರುವುದರಿಂದ ಗರಿ ಹಾದು ಹೋಗುವಾಗ ಮಡಚಿಕೊಳ್ಳಬೇಕು. ಪ್ಲಾಸ್ಟಿಕ್ಕಿನದಾದರೆ ತಗಲಿ ಬಾಣವನ್ನು ಚಿಮ್ಮಿಸುತ್ತದೆ. ಬಣ್ಣ ಬೇರೆಯಿರುವ ಗರಿ ಬಿಲ್ಲಿನಿಂದ ಹೊರಮುಖವಾಗಿರಲಿ. ಮುದುರಿಕೊಂಡ ಗರಿಯನ್ನು ಕುದಿಯುವ ಪಾತ್ರೆಯ ಹಬೆಗೆ ಹತ್ತು ಸೆಕೆಂಡ್ ಹಿಡಿದರೆ ಮತ್ತೆ ಅರಳುತ್ತದೆ.

ಬಾಣ ಹನ್ನೆರಡು ಕೊಳ್ಳಿ, ಆರನ್ನು ಬಳಸಿ. ಪ್ರತಿ ದಿನ ಶುರುವಿಗೆ ಒಂದೊಂದನ್ನೂ ಎರಡು ಕೈಯಲ್ಲಿ ಹಿಡಿದು ಸ್ವಲ್ಪ ಬಗ್ಗಿಸಿ, ತಿರುಗಿಸಿ, ಮತ್ತೆ ಬಗ್ಗಿಸಿ. ಕಾರ್ಬನ್ ಚಟಪಟ ಎಂದರೆ, ಮರದಲ್ಲಿ ಉಗುರಿಗೆ ಸಿಗುವ ಬಿರುಕು ಕಂಡರೆ ಅಲ್ಲೇ ಮುರಿದು ಹಾಕಿ. "ಹತ್ತಿರದ ಗುರಿಗೆ ಪರವಾಗಿಲ್ಲ" ಎಂದು ವಾಪಸು ಬತ್ತಳಿಕೆಗೆ ಹಾಕಿದ ಬಾಣ, ಹೆದೆಯ ಮೇಲೆಯೇ ಒಡೆದು ಎಡಗೈಗೆ ಚುಚ್ಚಿಕೊಳ್ಳುತ್ತದೆ.

ನಲವತ್ತು ನಿಮಿಷ ಹೇಗೆ ಕಳೆಯಬೇಕು

ಮೊದಲ ಐದು ನಿಮಿಷ ರಬ್ಬರ್ ಪಟ್ಟಿ ಎಳೆಯುವುದು, ಹೆದೆಯೇರಿಸಿ ಅಂತರ ನೋಡುವುದು, ಬಾಣ ಪರೀಕ್ಷಿಸುವುದು. ವಿಭಾಗದಿಂದ ನೇರ ಬಂದವರು ಅಂಗಿಯ ಎದೆ ಜೇಬಿನ ಪೆನ್ನು ತೆಗೆದಿಡಬೇಕು. ಹೆದೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಇದಕ್ಕೇ. ಕೊರಳಿನ ಐಡಿ ಪಟ್ಟಿ, ಸರ, ದುಪಟ್ಟ, ಉದ್ದನೆ ಓಲೆಗೂ ಅದೇ ನಿಯಮ. ಚಳಿಗಾಲದ ಜಾಕೆಟ್ಟಿನ ತೋಳಿನ ಮೇಲೆಯೇ ಆರ್ಮ್ ಗಾರ್ಡ್ (ಮುಂಗೈ ಕಾಯುವ ಪಟ್ಟಿ) ಕಟ್ಟಿ.

ಮುಂದಿನ ಹನ್ನೆರಡು ಬಾಣ ಮೂರು ಗಜ ದೂರದ ದೊಡ್ಡ ಹುಲ್ಲುಮೂಟೆಗೆ, ಗುರಿಯ ಹಾಳೆ ಇಲ್ಲದೆ. ಇಲ್ಲಿ ಎಲ್ಲಿ ತಗಲಿತು ಎಂಬುದು ಲೆಕ್ಕಕ್ಕಿಲ್ಲ. ಹೆದೆಯನ್ನು ಮೂರು ಬೆರಳಿನ ಮೊದಲ ಗೆಣ್ಣಿನ ಗೆರೆಯಲ್ಲಿ ಸಿಕ್ಕಿಸಿ. ಬೆರಳ ತುದಿಯಲ್ಲಿ ಹಿಡಿದರೆ ಜಾರುತ್ತದೆ, ಆಳಕ್ಕೆ ಹೋದರೆ ಬಿಡುವಾಗ ಎಳೆದಾಡುತ್ತದೆ. ಅಂಗೈಯ ಹಿಂಬದಿ ಚಪ್ಪಟೆಯಾಗಿರಲಿ. ಬಿಲ್ಲನ್ನು ಮುಷ್ಟಿ ಕಟ್ಟಿ ಹಿಡಿಯಬೇಡಿ, ಹೆಬ್ಬೆರಳ ಬುಡದ ದಿಂಡಿನ ಮೇಲೆ ಒತ್ತು ಬೀಳಲಿ, ಉಳಿದ ಬೆರಳು ಸಡಿಲವಾಗಿರಲಿ. ಬಿಲ್ಲು ಹಿಡಿದ ಕೈಯ ಮೊಣಕೈಯನ್ನು ಹೊರಕ್ಕೆ ತಿರುಗಿಸಿ. ತಿರುಗಿಸದಿದ್ದರೆ ಹೆದೆಯ ಬಾಸುಂಡೆ ಗ್ಯಾರಂಟಿ. ಎಳೆದ ಕೈಯ ನಡುಬೆರಳು ಬಾಯಿಯ ಮೂಲೆಗೆ ಬಂದು ಮುಟ್ಟಬೇಕು, ಪ್ರತಿ ಸಲವೂ ಅಲ್ಲಿಗೇ. ಅಲ್ಲಿಂದ ಮುಂದೆ ಕೈಯಿಂದ ಎಳೆಯುವುದು ನಿಲ್ಲುತ್ತದೆ, ಬೆನ್ನಿನ ರೆಕ್ಕೆಮೂಳೆಗಳು ಒಂದಕ್ಕೊಂದು ಹತ್ತಿರ ಬರುತ್ತ ಎಳೆತ ಮುಂದುವರಿಯುತ್ತದೆ. ಬೆರಳು ಸಡಿಲಿಸಿದಾಗ ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋದರೆ ಸರಿ. ಕೆನ್ನೆಯಿಂದ ಹೊರಕ್ಕೆ ಹಾರಿದರೆ ನೀವು ಹೆದೆಯನ್ನು ಮೀಟಿದ್ದೀರಿ, ಬಾಣ ಎಡಕ್ಕೆ ಹೋಗುತ್ತದೆ.

ಆಮೇಲೆ ಹತ್ತರಿಂದ ಹದಿನೈದು ಗಜದಲ್ಲಿ ಮೂವತ್ತು ಬಾಣ. ಮೂರು ಮೂರರಂತೆ ಬಿಡಿ, ಆರರಂತೆ ಬೇಡ. ಮೂರು ಬಿಟ್ಟು ನಡೆದು ಹೋಗಿ ಕಿತ್ತು ತರುವ ಹೊತ್ತಿನಲ್ಲಿ ಭುಜಕ್ಕೆ ವಿರಾಮ ಸಿಗುತ್ತದೆ, ತಪ್ಪು ನಾಲ್ಕನೆಯ ಬಾಣಕ್ಕೆ ದಾಟುವುದಿಲ್ಲ. ಒಂದು ದಿನಕ್ಕೆ ಒಂದೇ ಅಂಶ ತಿದ್ದಿಕೊಳ್ಳಿ. ಬಾಣ ಬಿಲ್ಲಿನ ಮೇಲಿಂದ ಕೆಳಗೆ ಬೀಳುತ್ತಿದ್ದರೆ ಬೆರಳುಗಳು ಬಾಣದ ನಾಕನ್ನು (ಹೆದೆಗೆ ಸಿಕ್ಕಿಸುವ ಹಿಂತುದಿಯ ಕಚ್ಚನ್ನು) ಚಿವುಟುತ್ತಿವೆ. ಗುಂಪು ಮೇಲೆ ಕೆಳಗೆ ಉದ್ದಕ್ಕೆ ಹರಡಿದ್ದರೆ ಬಾಯಿಯ ಮೂಲೆಯ ಜಾಗ ತಪ್ಪುತ್ತಿದೆ. ಮೂರೂ ಒಂದೇ ಕಡೆ ಗುಂಪಾಗಿ, ಆದರೆ ಗುರಿಯಿಂದ ದೂರ ಬಿದ್ದರೆ ಸಂತೋಷಪಡಿ, ಅದು ಬರಿ ಗುರಿ ಹಿಡಿಯುವ ಲೆಕ್ಕ.

ಗುರಿ ಹಿಡಿಯುವ ಬಗ್ಗೆ ಕ್ಲಬ್ಬಿನಲ್ಲಿ ವಾದ ಮುಗಿಯುವುದೇ ಇಲ್ಲ. ಕಣ್ಣು ಗುರಿಯಲ್ಲಿ ನೆಟ್ಟು ಕೈಗೆ ಬಿಟ್ಟುಬಿಡುವ ಸಹಜ ವಿಧಾನ ಸೊಗಸಾದದ್ದು, ಆದರೆ ಅದಕ್ಕೆ ಸಾವಿರಾರು ಬಾಣಗಳ ಅಭ್ಯಾಸ ಬೇಕು. ವಾರಕ್ಕೆ ಇನ್ನೂರು ಬಾಣ ಬಿಡುವವರಿಗೆ ಗ್ಯಾಪ್ ವಿಧಾನ ಉತ್ತಮ: ಬಾಣದ ತುದಿ ಗುರಿಗಿಂತ ಎಷ್ಟು ಕೆಳಗೆ ಕಂಡಾಗ ನಡುವಿಗೆ ಬೀಳುತ್ತದೆ ಎಂದು 10, 15, 20 ಗಜಗಳಲ್ಲಿ ನೋಡಿ, ಇಂಚಿನಲ್ಲಿ ಪುಸ್ತಕದಲ್ಲಿ ಬರೆದಿಡಿ. ಬ್ರೇಸ್ ಅಂತರವೋ ಬಾಣವೋ ಬದಲಾದರೆ ಆ ಪಟ್ಟಿಯೂ ಬದಲಾಗುತ್ತದೆ.

ಕೊನೆಯ ಆರು ಬಾಣ 20 ಗಜದಲ್ಲಿ, 60 ಸೆಂಟಿಮೀಟರ್ ಹಾಳೆಗೆ, ಅಂಕ ಬರೆದುಕೊಂಡು. ಒಟ್ಟು ನಲವತ್ತೆಂಟು. ಎಳೆತ ಬಾಯಿಯ ಮೂಲೆ ತಲುಪದೆ ನಿಂತರೆ, ಬಿಟ್ಟ ಕೂಡಲೇ ಬಿಲ್ಲಿನ ಕೈ ಬಿದ್ದುಹೋಗುತ್ತಿದ್ದರೆ ಸಂಖ್ಯೆ ಮುಗಿಯದಿದ್ದರೂ ಹೆದೆ ಇಳಿಸಿ. ದಣಿದ ಮೇಲೆ ಬಿಟ್ಟ ಪ್ರತಿ ಬಾಣವೂ ತಪ್ಪನ್ನೇ ಕಲಿಸುತ್ತದೆ. ಗುರಿ ಕಂಡೊಡನೆ ಬೆರಳು ತಾನಾಗಿ ಬಿಟ್ಟುಬಿಡುವ ಚಾಳಿ, ಅಂದರೆ ಟಾರ್ಗೆಟ್ ಪ್ಯಾನಿಕ್, ಅಂಟುವುದಕ್ಕೂ ದಣಿವು ಮತ್ತು ಭಾರದ ಬಿಲ್ಲು ದೊಡ್ಡ ಕಾರಣ. ಅಂಟಿದರೆ ಎರಡು ವಾರ ಮೂರು ಗಜದ ಹುಲ್ಲುಮೂಟೆ ಬಿಟ್ಟು ಕದಲಬೇಡಿ.

ತಿಂಗಳಿಗೊಮ್ಮೆ ಅಳೆದು ನೋಡಲು ರಾಯಲ್ ರೌಂಡ್ ಚೆನ್ನಾಗಿದೆ. 1966ರಲ್ಲಿ ಬರ್ಕ್‌ಲಿಯಲ್ಲಿ ಶುರುವಾದ, ಮಧ್ಯಯುಗವನ್ನು ಮರುಸೃಷ್ಟಿಸುವ ಎಸ್‌ಸಿಎ ಸಂಘದವರ ಕ್ರಮ ಇದು: 40, 30, 20 ಗಜಗಳಲ್ಲಿ ಆರಾರು ಬಾಣ, ಕೊನೆಗೆ 20 ಗಜದಲ್ಲಿ 30 ಸೆಕೆಂಡಿನೊಳಗೆ ಎಷ್ಟಾದರೆ ಅಷ್ಟು. ಅವರ ಕೂಟಗಳಿಗೆ ಹೋಗುವುದಾದರೆ ಕಾರ್ಬನ್ ಬಾಣ ಒಯ್ಯಬೇಡಿ, ಮರದ್ದೇ ಬೇಕು. ಇನ್ನು ಸೀಟಿ ಬಳಸುವ ರೇಂಜುಗಳಲ್ಲಿ ಸಾಮಾನ್ಯವಾಗಿ ಅದರ ಭಾಷೆ ಒಂದೇ: ಎರಡು ಊದಿದರೆ ಗೆರೆಗೆ ಬನ್ನಿ, ಒಂದು ಊದಿದರೆ ಬಿಡಿ, ಮೂರಕ್ಕೆ ಬಾಣ ತರಲು ಹೋಗಿ, ಐದೋ ಹೆಚ್ಚೋ ಕೇಳಿದರೆ ಎಳೆದದ್ದನ್ನು ಬಿಡದೆ ವಾಪಸು ತಂದು ಬಾಣ ಕೆಳಗಿಡಿ.

ಪಾಠದ ದಿನ

ಬಿಲ್ಲು ಮತ್ತು ಪಾಠ ಒಂದೇ ದಿನ ಬಂದರೆ ಪಾಠ ಮೊದಲು. ನಲವತ್ತೆಂಟು ಬಾಣ ಬಿಟ್ಟ ಕೈ ಗಂಟೆ ಎರಡು ಗಂಟೆ ಸಣ್ಣಗೆ ನಡುಗುತ್ತದೆ, ಬೋರ್ಡಿನ ಮೇಲೆ ಸಬ್‌ಸ್ಕ್ರಿಪ್ಟ್ ಯಾವುದು, ಘಾತ ಯಾವುದು ಎಂದು ಹಿಂದಿನ ಬೆಂಚಿಗೆ ಕಾಣುವುದಿಲ್ಲ. ಪಾಠ ಮುಗಿದ ಮೇಲೂ ಭುಜವನ್ನು ಗಮನಿಸಿ. ಐವತ್ತು ನಿಮಿಷ ತಲೆಗಿಂತ ಎತ್ತರದಲ್ಲಿ ಬರೆಯುವುದು ಬಿಲ್ಲು ಎತ್ತುವಾಗ ದಣಿಯುವ ಸ್ನಾಯುಗಳನ್ನೇ ದಣಿಸುತ್ತದೆ. ಎರಡು ಸೆಕ್ಷನ್ ತೆಗೆದುಕೊಂಡ ದಿನ ಹುಲ್ಲುಮೂಟೆಯ ಹನ್ನೆರಡು ಬಾಣಕ್ಕೇ ನಿಲ್ಲಿಸಿ. ಕಣ್ಣಿನ ಎತ್ತರದಲ್ಲಿ ಬರೆಯುವ ಅಭ್ಯಾಸ ಮಾಡಿಕೊಂಡರೆ ವಿದ್ಯಾರ್ಥಿಗಳಿಗೂ ಒಳ್ಳೆಯದು.

ಕೈಯಲ್ಲಿ ತಿದ್ದುವ ಪತ್ರಿಕೆಗಳಿದ್ದರೆ ಬಿಲ್ಲಿಗೆ ಮುಂಚೆ ತಿದ್ದಿ, ಸ್ಕ್ರೀನಿನ ಮೇಲೆ ತಿದ್ದುವಂಥದ್ದನ್ನು ಆಮೇಲೆ ಮಾಡಬಹುದು. ಬೆರಳ ತುದಿ ಮರಗಟ್ಟುವುದು ಎರಡು ಮೂರು ಗಂಟೆಗೂ ಇಳಿಯದಿದ್ದರೆ ಬೆರಳು ಕಾಯುವ ಫಿಂಗರ್ ಟ್ಯಾಬಿನ ಚರ್ಮ ತೆಳುವಾಗಿದೆ, ಇಲ್ಲವೇ ಬಿಲ್ಲು ಭಾರ. ಉತ್ತರಪತ್ರಿಕೆಗಳ ಕಟ್ಟನ್ನು ರೇಂಜಿಗೆ ಒಯ್ಯಬೇಡಿ, ಕಾರಿನಲ್ಲೂ ಬಿಡಬೇಡಿ. ವಿದ್ಯಾರ್ಥಿಗಳ ಅಂಕಗಳ ಗೌಪ್ಯತೆ 1974ರ ಫರ್ಪಾ ಕಾನೂನಿನ ವ್ಯಾಪ್ತಿಗೆ ಬರುತ್ತದೆ. ನಿಮ್ಮ ಸೆಕ್ಷನ್ನಿನವರೇ ಕ್ಲಬ್ಬಿನಲ್ಲೂ ಸಿಗುತ್ತಾರೆ. ಶೂಟಿಂಗ್ ಗೆರೆಯ ಮೇಲೆ ನಿಂತು "ನನ್ನ ಮೂರನೇ ಪ್ರಶ್ನೆಗೆ ಯಾಕೆ ಎರಡೇ ಮಾರ್ಕು" ಎಂದು ಕೇಳಿದರೆ ಉತ್ತರ ಒಂದೇ: ಆಫೀಸ್ ಅವರ್ಸಿಗೆ ಬನ್ನಿ.

ಭುಜ

ವಾರಕ್ಕೆ ಮೂರು ದಿನ, ರಬ್ಬರ್ ಪಟ್ಟಿಯನ್ನು ಬಾಗಿಲ ಹಿಡಿಗೆ ಕಟ್ಟಿ, ಮೊಣಕೈಯನ್ನು ಪಕ್ಕೆಗೆ ಒತ್ತಿ, ಮುಂಗೈಯನ್ನು ಹೊರಕ್ಕೆ ತಿರುಗಿಸುವುದು: ಒಂದೊಂದು ಕೈಗೆ ಹದಿನೈದರಂತೆ ಎರಡು ಸಲ. ಬಿಲ್ಲು ಎಳೆಯದ ಕೈಯಿಂದಲೂ ಪಟ್ಟಿಯನ್ನು ಬಿಲ್ಲಿನಂತೆ ಎಳೆಯಿರಿ, ಬೆನ್ನು ಒಂದೇ ಕಡೆ ಬೆಳೆಯಬಾರದು. ಟಿಎ ಕೊಠಡಿಯಲ್ಲಿ ಆರು ನಿಮಿಷದ ಕೆಲಸ. ರೆಕ್ಕೆಮೂಳೆಗಳ ನಡುವೆ ಮರುದಿನ ನೋವಿದ್ದರೆ ಅದು ದುಡಿದ ಸ್ನಾಯುವಿನ ನೋವು, ಇಳಿಯುತ್ತದೆ. ಕೈಯನ್ನು ಪಕ್ಕಕ್ಕೆ ಎತ್ತುವಾಗ ಭುಜದ ನೆತ್ತಿಯಲ್ಲೋ ಮುಂಭಾಗದಲ್ಲೋ ಚುಚ್ಚಿದಂತಾದರೆ, ರಾತ್ರಿ ಆ ಮಗ್ಗುಲು ಮಲಗಲಾಗದಿದ್ದರೆ ಬಿಲ್ಲು ಕೆಳಗಿಟ್ಟು ವಿದ್ಯಾರ್ಥಿ ಆರೋಗ್ಯ ಕೇಂದ್ರಕ್ಕೆ ಹೋಗಿ. ಮಾತ್ರೆ ನುಂಗಿ ಎಳೆದರೆ ಸೆಮಿಸ್ಟರೇ ಹೋಗುತ್ತದೆ.

ಡಿಸೆಂಬರ್ ಮತ್ತು ಆಮೇಲೆ

ಅಂತಿಮ ಪರೀಕ್ಷೆ ಮುಗಿದು ಗ್ರೇಡ್ ಸಲ್ಲಿಸಲು ಸಿಗುವುದು ಕೆಲವೇ ದಿನ. ಆ ದಿನಗಳಲ್ಲಿ ಬಿಲ್ಲನ್ನು ಪೂರ್ತಿ ಮರೆತರೂ ನಷ್ಟವಿಲ್ಲ. ಊರಿಗೆ ಹೋಗುವವರು ಬಿಲ್ಲನ್ನು ಕ್ಲಬ್ಬಿನಲ್ಲೇ ಬಿಟ್ಟು ಹೋಗಿ. ದೇಶದೊಳಗೆ ವಿಮಾನದಲ್ಲಿ ಒಯ್ಯುವುದಾದರೆ ಬಿಲ್ಲು ಬಾಣ ಚೆಕ್-ಇನ್ ಲಗೇಜಿನಲ್ಲಿ ಮಾತ್ರ. ಹೆದೆ ಇಳಿಸಿ, ಲಿಂಬುಗಳನ್ನು ಮಲಗಿಸಿ ಇಡಿ, ಗೋಡೆಗೆ ಒರಗಿಸಿ ನಿಲ್ಲಿಸಬೇಡಿ. ಕಾರಿನ ಡಿಕ್ಕಿಯಲ್ಲಂತೂ ಯಾವ ಋತುವಿನಲ್ಲೂ ಇಡಬಾರದು; ಬಿಸಿಲಿಗೆ ಒಳಗಿನ ಅಂಟು ಬಿಟ್ಟು ಪದರ ಸುಲಿಯುತ್ತದೆ. ಚೀಲದಲ್ಲಿ ರಬ್ಬರ್ ಪಟ್ಟಿ ಒಂದನ್ನು ಹಾಕಿಕೊಂಡರೆ ಮೂರು ವಾರಕ್ಕೆ ಸಾಕು.

ಜನವರಿಯಲ್ಲಿ ವಾಪಸು ಬಂದ ಮೊದಲ ದಿನ ಬಾಣ ಬಿಡುವ ಮುನ್ನ ಲಿಂಬಿನ ಉದ್ದಕ್ಕೂ ಬೆರಳಾಡಿಸಿ ಎದ್ದ ಪದರ ಇದೆಯೇ ನೋಡಿ, ಹೆದೆಯ ಕುಣಿಕೆಗಳಲ್ಲಿ ಹರಿದ ಎಳೆ ಹುಡುಕಿ, ಮೇಣ ಹಚ್ಚಿ ಬೆರಳಿಂದ ಉಜ್ಜಿ. ಮೊದಲ ವಾರ ಇಪ್ಪತ್ತನಾಲ್ಕು ಬಾಣ, ಎಲ್ಲವೂ ಹತ್ತು ಗಜದೊಳಗೆ. ಎರಡನೆಯ ವಾರ ಮೂವತ್ತಾರು. ಮೂರನೆಯ ವಾರಕ್ಕೆ ಹಳೆಯ ನಲವತ್ತೆಂಟು. ಚಳಿ ಇರುವ ಊರುಗಳಲ್ಲಿ ಆಗ ಅಭ್ಯಾಸವೆಲ್ಲ ಒಳಾಂಗಣದಲ್ಲಿ, 18 ಮೀಟರಿನಲ್ಲಿ, ಗೆರೆಯ ಮೇಲಿನ ಜಾಗಗಳೂ ಕಡಿಮೆ. ಸಮಯದ ಹಂಚಿಕೆ ಮೊದಲ ವಾರವೇ ತುಂಬಿಬಿಡುವುದರಿಂದ ಹೊಸ ಕೋರ್ಸಿನ ಸೆಕ್ಷನ್ ಸಮಯ ಗೊತ್ತಾದ ಸಂಜೆಯೇ ಹೆಸರು ಬರೆಸಿ.